ಹೈಪರ್‌ಫೋಕಲ್ ದೂರ: ಕಾಲ ಬುಡದ ಬಂಡೆ, ಹೊಳೆಯಾಚೆಯ ಗೋಪುರ

ಆನೆಗೊಂದಿ ಹತ್ತಿರದ ಅಂಜನಾದ್ರಿ ಹತ್ತಿ ನಿಂತರೆ ಕಾಲ ಬುಡದಲ್ಲೇ ಬಂಡೆ. ಕೆಳಗೆ ಭತ್ತದ ಗದ್ದೆ, ಆಮೇಲೆ ತುಂಗಭದ್ರೆ, ಹೊಳೆ ದಾಟಿದರೆ ಹಂಪಿ. ಮೊದಲ ಸಲ ಅಲ್ಲಿ ನಾನು ತೆಗೆದ ಫೋಟೋಗಳಲ್ಲಿ ಅರ್ಧದಷ್ಟರಲ್ಲಿ ಬಂಡೆಯ ಗೀರುಗಳೆಲ್ಲ ಎಣಿಸುವಷ್ಟು ಸ್ಪಷ್ಟ, ವಿರೂಪಾಕ್ಷ ಗೋಪುರ ಮಾತ್ರ ಮಬ್ಬು. ಉಳಿದರ್ಧದಲ್ಲಿ ಗೋಪುರ ಸರಿ, ಬಂಡೆ ಮಬ್ಬು. ಲೆನ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. ಫೋಕಸ್ ಎಲ್ಲಿ ಇಡಬೇಕು ಅನ್ನುವುದೇ ಗೊತ್ತಿರಲಿಲ್ಲ.

ಎರಡೂ ಸ್ಪಷ್ಟ ಬರಬೇಕಾದರೆ ಫೋಕಸನ್ನು ಬಂಡೆಗೂ ಇಡಬಾರದು, ಗೋಪುರಕ್ಕೂ ಇಡಬಾರದು. ನಡುವೆ ಒಂದು ದೂರ ಇದೆ. ಅಲ್ಲಿ ಫೋಕಸ್ ಇಟ್ಟರೆ ದಿಗಂತದ ತನಕ ಎಲ್ಲ ತಕ್ಕಮಟ್ಟಿಗೆ ಸ್ಪಷ್ಟವಾಗಿರುತ್ತದೆ, ಇತ್ತ ಆ ದೂರದ ಅರ್ಧದವರೆಗೂ ಸ್ಪಷ್ಟವಾಗಿರುತ್ತದೆ. ಅದೇ ಹೈಪರ್‌ಫೋಕಲ್ ದೂರ.

ಲೆಕ್ಕ ಕಷ್ಟದ್ದಲ್ಲ. ಲೆನ್ಸಿನ ಫೋಕಲ್ ಲೆಂತ್ ಅನ್ನು, ಅಂದರೆ ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಂಕಿಯನ್ನು, ಅದರಿಂದಲೇ ಗುಣಿಸಿ. ಬಂದದ್ದನ್ನು ಎಫ್ ನಂಬರಿನಿಂದ (ಬೆಳಕು ಒಳಬರುವ ಕಿಂಡಿಯ ಅಳತೆ; ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಭಾಗಿಸಿ, ಮತ್ತೆ 0.03ರಿಂದ ಭಾಗಿಸಿ. ಈ 0.03 ಏನು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಚಿತ್ರ ಹಿಡಿಯುವ ಸೆನ್ಸರ್ ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡದಿರುವ ಕ್ಯಾಮೆರಾ) 24 ಎಂಎಂ ಲೆನ್ಸ್, ಎಫ್/8 ಇದ್ದರೆ 2,400 ಮಿಲಿಮೀಟರ್, ಅಂದರೆ ಸುಮಾರು ಎಂಟು ಅಡಿ. ಎಂಟು ಅಡಿಗೆ ಫೋಕಸ್ ಮಾಡಿದರೆ ನಾಲ್ಕು ಅಡಿಯಿಂದಾಚೆಗೆ ಎಲ್ಲ ಬಂತು. ಅದೇ ಜಾಗದಲ್ಲಿ 50 ಎಂಎಂ ಹಾಕಿದರೆ ಹತ್ತು ಮೀಟರ್ ದಾಟುತ್ತದೆ! ಫೋಕಲ್ ಲೆಂತ್ ಎರಡರಷ್ಟಾದರೆ ಈ ದೂರ ನಾಲ್ಕರಷ್ಟಾಗುತ್ತದೆ. ಹತ್ತಿರದ ಬಂಡೆಯನ್ನೂ ಸೇರಿಸಿಕೊಳ್ಳಲು ವೈಡ್ ಲೆನ್ಸ್ ಹಾಕುವುದು ಇದಕ್ಕೇ. ಕ್ಯಾಮೆರಾ ಜತೆ ಬರುವ 18-55 ಕಿಟ್ ಲೆನ್ಸ್ ಇದ್ದರೂ ಸಾಕು. ಆ ಕ್ಯಾಮೆರಾಗಳದ್ದು ಸಣ್ಣ ಸೆನ್ಸರ್ ಆದ್ದರಿಂದ 0.03ರ ಬದಲು 0.02 ಹಾಕಿ. 18ರಲ್ಲಿ, ಎಫ್/8ಕ್ಕೆ, ಸುಮಾರು ಎರಡು ಮೀಟರ್. (ಲೆನ್ಸ್ ಬದಲಿಸುವುದಾದರೆ ಬೆಟ್ಟ ಹತ್ತುವ ಮೊದಲೇ ಬದಲಿಸಿ. ಮೇಲೆ ಕೋತಿಗಳು ಕಾಯ್ತಾ ಇರುತ್ತವೆ.)

ಎಫ್/22 ಇಟ್ಟರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುತ್ತಾರೆ. ಕಿಂಡಿ ಅಷ್ಟು ಚಿಕ್ಕದಾದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತದೆ. ನಾನು ಎಫ್/11 ದಾಟುವುದು ಕಡಿಮೆ.

ಈಗ ಆ 'ತಕ್ಕಮಟ್ಟಿಗೆ' ವಿಷಯ. 0.03 ಮಿಲಿಮೀಟರ್ ಅನ್ನುವುದು, ಸೆನ್ಸರಿನ ಮೇಲೆ ಚುಕ್ಕೆ ಎಷ್ಟರವರೆಗೆ ಹರಡಿದರೆ ಕಣ್ಣಿಗೆ ಇನ್ನೂ ಚುಕ್ಕೆಯೇ ಅನ್ನಿಸುತ್ತದೆ ಅನ್ನುವ ಮಿತಿ. ಸಾಧಾರಣ ಗಾತ್ರದ ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ಹೊಂದುವ ಲೆಕ್ಕ ಅದು. ನಾವು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುವವರು. ಹಾಗೆ ನೋಡಿದರೆ ಗೋಪುರ ಸ್ವಲ್ಪ ಸಡಿಲವಾಗಿಯೇ ಕಾಣುತ್ತದೆ. ಹಾಗಾಗಿ ಲೆಕ್ಕ ಎಂಟು ಅಡಿ ಅಂದರೆ ನಾನು ಹತ್ತು-ಹನ್ನೆರಡು ಅಡಿಗೆ ಇಡುತ್ತೇನೆ. ಅಷ್ಟು ದೂರದ ಯಾವುದಾದರೂ ಕಲ್ಲಿಗೆ ಫೋಕಸ್ ಮಾಡಿ ಆಟೋಫೋಕಸ್ ಆಫ್ ಮಾಡಿಬಿಡುವುದು. ಇಲ್ಲದಿದ್ದರೆ ಬಟನ್ ಒತ್ತಿದ ಕೂಡಲೇ ಕ್ಯಾಮೆರಾ ತನಗೆ ಬೇಕಾದ ಕಡೆ ಫೋಕಸ್ ಮಾಡಿಕೊಳ್ಳುತ್ತದೆ.

ಇಷ್ಟು ಮಾಡಿಯೂ ಏಪ್ರಿಲ್ ಮಧ್ಯಾಹ್ನ ಗೋಪುರ ಅಲುಗಾಡಿದಂತೆ ಬಂದರೆ ಲೆಕ್ಕ ತಪ್ಪಿಲ್ಲ. ಅದು ಕಾದ ಬಂಡೆಗಳಿಂದ ಏಳುವ ಝಳ. ಬೆಳಿಗ್ಗೆ ಆರೂವರೆಗೆ ಬಂದು ತೆಗೆಯಿರಿ.