ಕೂಲಿ ಲೆಕ್ಕಕ್ಕೆ ಸಿಗದ ಕೊಟ್ಟಿಗೆ: ಚಯಾನೋವ್ ಮತ್ತು ಕೋಲಾರದ ಎರಡು ಹಸುಗಳು

ಕೃಷಿ ಅರ್ಥಶಾಸ್ತ್ರದ ಪಠ್ಯದಲ್ಲಿ ಕುಟುಂಬ ಕೃಷಿಯ ಅಧ್ಯಾಯವನ್ನು ಓದುವಾಗ ನಮ್ಮಲ್ಲಿ ಹಲವರು ತೊಡರುವುದು ಒಂದೇ ಪ್ರಶ್ನೆಯಲ್ಲಿ: ಪುಸ್ತಕದ ಲೆಕ್ಕದಲ್ಲಿ ನಷ್ಟವೆಂದೇ ಕಾಣುವ ಎರಡು ಹಸುಗಳ ಹೈನುಗಾರಿಕೆಯನ್ನು ಕೋಲಾರದ ಕಡೆಯ ಮನೆಗಳು ಏಕೆ ಬಿಡುವುದಿಲ್ಲ? ರಷ್ಯಾದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೋವ್ (1888–1937) ತಮ್ಮ ನಾಡಿನ ರೈತರನ್ನು ಕುರಿತು ಹೇಳಿದ ಮಾತು ಇಲ್ಲಿ ನೆರವಿಗೆ ಬರುತ್ತದೆ.

ಮೊದಲು ಒಂದು ಕಲ್ಪಿತ ಲೆಕ್ಕ. ದಿನಕ್ಕೆ 16 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ಆದಾಯ 560. ಹಿಂಡಿ, ಬೂಸಾಕ್ಕೆ 280, ಔಷಧಿ, ವಿಮೆಗಳಿಗೆ 30, ರಾಗಿಹುಲ್ಲು ಮತ್ತು ಹಸಿಮೇವಿನ ಮಾರುಕಟ್ಟೆ ಬೆಲೆ 130, ಐದು ಗಂಟೆಯ ದುಡಿಮೆಗೆ ಗಂಟೆಗೆ 50ರಂತೆ 250. ಒಟ್ಟು ವೆಚ್ಚ 690 ಆಗಿ, ದಿನಕ್ಕೆ 130 ರೂಪಾಯಿ ನಷ್ಟ. ಆದರೆ ಹುಲ್ಲು ಸ್ವಂತ ಹೊಲದ್ದು, ದುಡಿಯುವವರು ಮನೆಯವರೇ. ಕೈಬಿಟ್ಟು ಹೋದ ಹಣ 310 ಮಾತ್ರವಾದ್ದರಿಂದ 250 ರೂಪಾಯಿ ಮನೆಗೇ ಉಳಿಯುತ್ತದೆ. ಕೂಲಿಯನ್ನೇ ಕೊಡದ ಕುಟುಂಬಕ್ಕೆ ಕಂಪನಿಯ ಅರ್ಥದ ಲಾಭವನ್ನು ಲೆಕ್ಕ ಹಾಕಲಾಗದು, ಅದು ತೂಗಿ ನೋಡುವುದು ಮನೆಯ ಅಗತ್ಯವನ್ನು ಮತ್ತು ಮೈಯ ದಣಿವನ್ನು ಎಂಬುದೇ ಚಯಾನೋವ್ ವಾದದ ತಿರುಳು. ಉಣ್ಣುವ ಬಾಯಿ ಹೆಚ್ಚಿದಷ್ಟೂ ದುಡಿಯುವವರು ಇನ್ನಷ್ಟು ದಣಿವನ್ನು ಒಪ್ಪಿಕೊಳ್ಳುತ್ತಾರೆ.

ಮಳೆಯನ್ನೇ ನೆಚ್ಚಿದ ರಾಗಿ ವರ್ಷಕ್ಕೊಮ್ಮೆ ಕೈಗೆ ಬಂದರೆ, ಹಾಲಿನ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ಅಂಗಡಿಯ ಸಾಲ, ಮಕ್ಕಳ ಫೀಸು ತೀರುವುದು ಇದರಲ್ಲಿ. ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಯಂತ್ರ ತೋರಿಸುವ ಕೊಬ್ಬಿನ ಅಂಶದ ಒಂದೊಂದು ಪಾಯಿಂಟನ್ನೂ ಅಷ್ಟು ಆತಂಕದಿಂದ ನೋಡುವುದಕ್ಕೆ ಕಾರಣ, ದರ ನಿಲ್ಲುವುದು ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಮೇಲೆ. ಹಾಲಿಗೆ ರಾಜ್ಯ ಸರ್ಕಾರ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5ಕ್ಕೆ ಏರಿತು. ಮೇಲಿನ ಲೆಕ್ಕಕ್ಕೆ ಅದನ್ನು ಸೇರಿಸಿದರೆ ದಿನಕ್ಕೆ 80 ರೂಪಾಯಿ ಹೆಚ್ಚುತ್ತದೆ.

ಮನೆಯ ದುಡಿಮೆಗೆ ಇನ್ನೊಂದು ಅನುಕೂಲವೂ ಇದೆ, ಪಠ್ಯಗಳು ಇದನ್ನು ಹೇಳುವುದು ಕಡಿಮೆ. ಪರಿಚಿತ ಕೈ ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಅದು ಸೊರ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ; ಹೊಸಬರನ್ನು ಕಂಡು ಬೆದರಿದರೆ ಅಡ್ರಿನಲಿನ್ ಅದನ್ನು ತಡೆಯುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಆದ್ದರಿಂದಲೇ ಹಾಲು ಕರೆಯುವವರು ಒಂದು ದಿನವೂ ನೆಂಟರ ಮನೆಯಲ್ಲಿ ರಾತ್ರಿ ಉಳಿಯಲಾರರು. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಿ ಸುಮ್ಮನೆ ಮೇಯಿಸಬೇಕು. ಕರು ಹಾಕಿದ ಮೊದಲ ದಿನಗಳ ಗಿಣ್ಣುಹಾಲು ಕಾಯಿಸಿದರೆ ಒಡೆಯುವುದರಿಂದ ಡೇರಿಗೆ ಸಲ್ಲದು. ಕರುವಿಗೆ ಕುಡಿಸಿ ಉಳಿದದ್ದು ಲೋಟ ಲೋಟವಾಗಿ ನೆರೆಮನೆಗಳಿಗೆ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಆ ದಿನಗಳ ಆದಾಯ ಸೊನ್ನೆ, ಆದರೆ ಮುಂದೆ ಪಕ್ಕದ ಮನೆಯ ಹಸು ಕರು ಹಾಕಿದಾಗ ಲೋಟ ಖಾಲಿಯಾಗಿ ಬರುವುದಿಲ್ಲ.

ಚಯಾನೋವ್ ಸಿದ್ಧಾಂತ ನನಗೆ ಸೋಲುವಂತೆ ಕಾಣುವುದು ಕುಟುಂಬವನ್ನು ಒಂದೇ ಜೀವದಂತೆ ನೋಡುವ ಕಡೆ. ಸಗಣಿ ಬಾಚುವುದು, ಮೇವು ಕೊಯ್ಯುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರ ಕೆಲಸ. ಆದರೆ ಹಾಲಿನ ಸಂಘದ ಪಾಸ್‌ಬುಕ್ಕು ಎಷ್ಟೋ ಮನೆಗಳಲ್ಲಿ ಗಂಡಸಿನ ಹೆಸರಿನಲ್ಲಿದೆ. ಈ ಅಂತರವನ್ನು ತುಂಬಲೆಂದೇ ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕಾಗಿ ಕೇಂದ್ರ ಸರ್ಕಾರ ರೂಪಿಸಿದ ಸ್ಟೆಪ್ ಯೋಜನೆಯಡಿ ಕರ್ನಾಟಕದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಅಲ್ಲಿ ಸದಸ್ಯೆಯೂ ಆಕೆಯೇ, ಬಟವಾಡೆಗೆ ಸಹಿ ಹಾಕುವವಳೂ ಆಕೆಯೇ.