ಐದು ಕೀಲಿ, ಮೂರು ಲಿಪಿ: ಬೀದರಿನ ಮೇಜಿಗೆ ಹೊಂದುವ ಈಮ್ಯಾಕ್ಸ್

ಬೀದರಿನ ಡಿಟಿಪಿ ಅಂಗಡಿಗೆ ಬೆಳಿಗ್ಗೆ ಕನ್ನಡದ ಅರ್ಜಿ ಬಂದರೆ ಮಧ್ಯಾಹ್ನ ಮರಾಠಿ ಲಗ್ನಪತ್ರಿಕೆ, ಸಂಜೆಗೆ ತೆಲುಗು ಕರಪತ್ರ ಬರಬಹುದು. ನಡುವೆ ಯಾರಾದರೂ ನಿಜಾಮರ ಕಾಲದ ಉರ್ದು ಕಾಗದ ತಂದು ‘ಇದರ ನಕಲು ಬೇಕು’ ಅಂದರೂ ಆಶ್ಚರ್ಯವಿಲ್ಲ. ಇಂಥ ಮೇಜಿಗೆ ಪುಕ್ಕಟೆಯಾಗಿ ಸಿಗುವ ಈಮ್ಯಾಕ್ಸ್ ಎಡಿಟರ್ ಚೆನ್ನಾಗಿ ಒಗ್ಗುತ್ತದೆ. ಅದರ ಮೂಲ ರೂಪ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ. ಇಂದು ಬಳಕೆಯಲ್ಲಿರುವ ಗ್ನೂ ಈಮ್ಯಾಕ್ಸ್ ಅನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದರು. ಪತ್ರಿಕೆಯ ಹೂಬಳ್ಳಿ ಅಂಚು ಇದರಲ್ಲಿ ಆಗುವುದಿಲ್ಲ, ಅದಕ್ಕೆ ಬೇರೆ ತಂತ್ರಾಂಶವೇ ಬೇಕು. ಇದು ಪಠ್ಯ ಟೈಪಿಸುವ, ತಿದ್ದುವ ಜಾಗ.

ಈಮ್ಯಾಕ್ಸ್‌ನಲ್ಲಿ ಪ್ರತಿ ಕೀಲಿಗೂ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡಿಸುವ ಆದೇಶ, ಕಟ್ಟಿರುತ್ತದೆ. ‘ಎ’ ಒತ್ತಿದರೆ ‘ಸೆಲ್ಫ್-ಇನ್ಸರ್ಟ್-ಕಮಾಂಡ್’ ಎಂಬ ಫಂಕ್ಷನ್ ಓಡಿ ಅಕ್ಷರವನ್ನು ಪರದೆಗೆ ತರುತ್ತದೆ. ಕಂಟ್ರೋಲ್-ಎಚ್, ಆಮೇಲೆ ಕೆ, ಆಮೇಲೆ ಯಾವುದೇ ಕೀಲಿ ಒತ್ತಿ ನೋಡಿ: ಆ ಕೀಲಿಗೆ ಕಟ್ಟಿದ ಫಂಕ್ಷನ್ ಯಾವುದೆಂದು ಅದೇ ಹೇಳುತ್ತದೆ. ಈ ಗಂಟು ಬಿಚ್ಚಿ ಬೇರೆ ಫಂಕ್ಷನ್ ಕಟ್ಟುವ ಅಧಿಕಾರ ಪೂರ್ತಿ ನಿಮ್ಮದು.

ಹೊಸಬರು ಎಡವುವುದು ಇಲ್ಲೇ. ಅವರು ಲಿನಕ್ಸ್‌ನ ಕೀಲಿಮಣೆಯನ್ನೇ ಕನ್ನಡಕ್ಕೆ ಬದಲಿಸುತ್ತಾರೆ. ಆಗ ಪದ ಹುಡುಕಲೆಂದು ಕಂಟ್ರೋಲ್-ಎಸ್ ಒತ್ತಿದರೆ ಈಮ್ಯಾಕ್ಸ್‌ಗೆ ತಲುಪುವುದು ‘ಎಸ್’ ಅಲ್ಲ, ಆ ಕೀಲಿಯ ಮೇಲಿರುವ ಕನ್ನಡದ ಸ್ವರಚಿಹ್ನೆ. ಅದಕ್ಕೆ ಯಾವ ಫಂಕ್ಷನ್ನೂ ಕಟ್ಟಿಲ್ಲವಾದ್ದರಿಂದ ಹುಡುಕಾಟ ತೆರೆಯುವುದಿಲ್ಲ. ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು, ಕನ್ನಡದ ಕೆಲಸವನ್ನು ಈಮ್ಯಾಕ್ಸ್‌ನ ಒಳಗಿನ ‘ಇನ್‌ಪುಟ್ ಮೆಥಡ್’ಗೆ ಒಪ್ಪಿಸುವುದೇ ಸರಿ. ಅದು ಬರೀ ಅಕ್ಷರ ಮೂಡಿಸುವ ಕೀಲಿಗಳನ್ನು ಹಿಡಿದು ಬದಲಿಸುತ್ತದೆ, ಕಂಟ್ರೋಲ್ ಜೋಡಿಗಳ ತಂಟೆಗೆ ಹೋಗುವುದಿಲ್ಲ.

ಕನ್ನಡಕ್ಕೆ ಇದರಲ್ಲಿ ಇಂಗ್ಲಿಷ್ ಉಚ್ಚಾರದಂತೆ ಟೈಪಿಸುವ ಐಟ್ರಾನ್ಸ್, ಕೀಲಿಗೊಂದು ಕನ್ನಡ ಅಕ್ಷರವಿರುವ ಇನ್‌ಸ್ಕ್ರಿಪ್ಟ್ ಎರಡೂ ಇವೆ. ಬೀದರಿನಂಥ ಊರಿಗೆ ಇನ್‌ಸ್ಕ್ರಿಪ್ಟ್ ಕಲಿಯುವುದೇ ಲಾಭ. ಕನ್ನಡ, ತೆಲುಗು, ದೇವನಾಗರಿಯಂಥ ಭಾರತೀಯ ಲಿಪಿಗಳಿಗೆಲ್ಲ ಅದರ ವಿನ್ಯಾಸ ಹೆಚ್ಚುಕಡಿಮೆ ಒಂದೇ. ವೈ, ಆರ್, ಓ, ಜೆ, ಡಿ: ಈ ಐದು ಕೀಲಿ ಒತ್ತಿದರೆ ಕನ್ನಡದಲ್ಲಿ ‘ಬೀದರ್’, ತೆಲುಗು ಮೆಥಡ್‌ನಲ್ಲಿ ಅದೇ ಹೆಸರು ತೆಲುಗು ಲಿಪಿಯಲ್ಲಿ. ಕೊನೆಯ ಡಿ ಬಿಟ್ಟರೆ ಮರಾಠಿಯ ದೇವನಾಗರಿಗೂ ಆಯಿತು. ಕೈ ಒಮ್ಮೆ ಪಳಗಿದರೆ ಮೂರು ಲಿಪಿ ಬಂದಂತೆ.

ಭಾಷೆಗೊಂದು ಕೀಲಿ ಮೀಸಲಿಡಿ. ಎಫ್5ರಿಂದ ಎಫ್9ರವರೆಗಿನವು ಬಳಕೆದಾರರಿಗೆಂದೇ ಬಿಟ್ಟ ಕೀಲಿಗಳು. ಹೋಮ್ ಫೋಲ್ಡರಿನಲ್ಲಿ ‘.ಈಮ್ಯಾಕ್ಸ್.ಡಿ’ ಎಂಬ ಫೋಲ್ಡರು, ಅದರೊಳಗೆ ‘ಇನಿಟ್.ಇಎಲ್’ ಎಂಬ ಫೈಲು. ಅದರಲ್ಲಿ ಈ ಸಾಲು ಬರೆಯಿರಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದರೂ ನೀವು ಟೈಪಿಸಬೇಕಾದದ್ದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ:

(ಗ್ಲೋಬಲ್-ಸೆಟ್-ಕೀ (ಕೆಬಿಡಿ "<ಎಫ್5>") (ಲ್ಯಾಂಬ್ಡಾ () (ಇಂಟರಾಕ್ಟಿವ್) (ಸೆಟ್-ಇನ್‌ಪುಟ್-ಮೆಥಡ್ "ಕನ್ನಡ-ಇನ್‌ಸ್ಕ್ರಿಪ್ಟ್")))

ಎಫ್6ಕ್ಕೆ ‘ದೇವನಾಗರಿ-ಇನ್‌ಸ್ಕ್ರಿಪ್ಟ್’, ಎಫ್7ಕ್ಕೆ ‘ತೆಲುಗು-ಇನ್‌ಸ್ಕ್ರಿಪ್ಟ್’ ಹಾಕಿ ಇದೇ ಸಾಲನ್ನು ಮತ್ತೆರಡು ಸಲ ಬರೆಯಿರಿ. ಇಂಗ್ಲಿಷಿಗೆ ಮರಳಲು ಕಂಟ್ರೋಲ್-ಬ್ಯಾಕ್‌ಸ್ಲ್ಯಾಷ್. ನಡುವಿನ ‘ಇಂಟರಾಕ್ಟಿವ್’ ಬಿಟ್ಟುಹೋದರೆ ಎಫ್5 ಒತ್ತಿದಾಗ ‘ಕಮಾಂಡ್‌ಪಿ’ ಎಂಬ ಪದವಿರುವ ದೋಷ ಕಾಣುತ್ತದೆ: ಫಂಕ್ಷನ್ ಇದೆ, ಆದರೆ ಕೀಲಿಯಿಂದ ಕರೆಯಬಹುದು ಎಂದು ನೀವು ಅದಕ್ಕೆ ತಿಳಿಸಿಲ್ಲ ಎಂದರ್ಥ. ಕೊನೆಯ ಮೂರು ಆವರಣಗಳಲ್ಲಿ ಒಂದು ಕಡಿಮೆಯಾದರೂ ಅಲ್ಲಿಂದ ಮುಂದಿನದು ಯಾವುದೂ ಓದಿಸಿಕೊಳ್ಳುವುದಿಲ್ಲ. ಹಾಗಾಗಿ ಸಾಲು ಬರೆದ ಕೂಡಲೇ ಅದರ ತುದಿಯಲ್ಲಿ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿ ಪರೀಕ್ಷಿಸಿ. ಎಡಿಟರ್ ಮುಚ್ಚಿ ತೆರೆಯುವ ಗೊಡವೆ ಇಲ್ಲ. ಇನ್ನೊಂದು ಮಾತು: ಮೆಥಡ್ ಅನ್ವಯಿಸುವುದು ಎದುರಿಗೆ ತೆರೆದಿರುವ ಫೈಲಿಗಷ್ಟೇ. ಹೊಸ ಫೈಲಿಗೆ ಮತ್ತೆ ಎಫ್5 ಬೇಕು.

ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ 2020ರಲ್ಲಿ ಬಂದ 27ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲಿ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಜಿನ್ ಅದರಿಂದ ಮುಂದಕ್ಕೆ ಜೊತೆಗಿದೆ.

‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದು ಆರು: ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಬ್ಯಾಕ್‌ಸ್ಪೇಸ್ ಹಿಂದಿನಿಂದ ಒಂದೊಂದನ್ನೇ ಕೀಳುತ್ತದೆ. ‘ಸ್ತ್ರೀ’ ಮೊದಲು ‘ಸ್ತ್ರ’ ಆಗಿ, ಆರನೇ ಏಟಿಗೆ ಮಾಯ. ಹೊಸ ಆವೃತ್ತಿಗಳಲ್ಲಿ ಡಿಲೀಟ್ ಕೀಲಿ ಸಾಮಾನ್ಯವಾಗಿ ಇಡೀ ಅಕ್ಷರವನ್ನು ಒಮ್ಮೆಲೇ ನುಂಗುತ್ತದೆ. ಇದು ದೋಷವಲ್ಲ, ಉಪಕಾರ: ಸ್ವರಚಿಹ್ನೆಯೊಂದೇ ತಪ್ಪಿದ್ದರೆ ಬ್ಯಾಕ್‌ಸ್ಪೇಸ್, ಅಕ್ಷರವೇ ಬೇಡವಾದರೆ ಡಿಲೀಟ್. ಒಳಗೇನಿದೆ ಎಂದು ಅನುಮಾನ ಬಂದರೆ ಆಲ್ಟ್-ಎಕ್ಸ್ ಒತ್ತಿ ‘ಆಟೊ-ಕಾಂಪೊಸಿಷನ್-ಮೋಡ್’ ಅನ್ನಿ. ಜೋಡಣೆ ಬಿಚ್ಚಿ ಬಿಡಿಬಿಡಿಯಾಗಿ ಕಾಣುತ್ತದೆ. ಅದನ್ನೇ ಮತ್ತೊಮ್ಮೆ ಹೇಳಿದರೆ ಮೊದಲಿನಂತೆ.

ಉರ್ದು ಸಾಲು ಬಲದಿಂದ ಎಡಕ್ಕೆ ಹರಿಯುವ ವ್ಯವಸ್ಥೆ 2012ರ 24ನೇ ಆವೃತ್ತಿಯಿಂದ ಇದೆ. ಪ್ಯಾರಾದ ದಿಕ್ಕನ್ನು ಅದರ ಮೊದಲ ಅಕ್ಷರ ನಿರ್ಧರಿಸುತ್ತದೆ. ಆದ್ದರಿಂದ ಉರ್ದು ಮತ್ತು ಅದರ ಕನ್ನಡ ಅನುವಾದದ ನಡುವೆ ಒಂದು ಖಾಲಿ ಸಾಲು ಬಿಡಿ, ಇಲ್ಲದಿದ್ದರೆ ಎರಡೂ ಒಂದೇ ದಿಕ್ಕಿಗೆ ವಾಲುತ್ತವೆ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಫೈಲುಗಳನ್ನು ಮಾತ್ರ ನೇರ ತೆರೆಯಬೇಡಿ. ಅವುಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ. ಕೆಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಪರಿವರ್ತಿಸಿ ತನ್ನಿ.

ಇನ್ನು ಬೇಸಿಗೆಯ ಕರೆಂಟು. 300 ಕೀಲಿ ಒತ್ತಿದ ಮೇಲೆ, ಇಲ್ಲವೇ ಕೈ ಸುಮಾರು 30 ಸೆಕೆಂಡು ನಿಂತರೆ, ಈಮ್ಯಾಕ್ಸ್ ತಾನಾಗಿ ಒಂದು ಪ್ರತಿ ಉಳಿಸುತ್ತದೆ. ಅದರ ಹೆಸರಿನ ಎರಡೂ ತುದಿಗೆ ಹ್ಯಾಶ್ ಗುರುತು. ಯುಪಿಎಸ್ ಇಲ್ಲದ ಅಂಗಡಿಗೆ ‘ಆಟೊ-ಸೇವ್-ಇಂಟರ್ವಲ್’ ಅನ್ನು 50ಕ್ಕೆ ಇಳಿಸುವುದು ವಾಸಿ. ಕರೆಂಟು ಬಂದ ಮೇಲೆ ಮೂಲ ಫೈಲನ್ನು ತೆರೆದು, ಆಲ್ಟ್-ಎಕ್ಸ್ ಒತ್ತಿ ‘ರಿಕವರ್-ದಿಸ್-ಫೈಲ್’ ಅನ್ನಿ, ಕೇಳಿದ್ದಕ್ಕೆ ಯೆಸ್ ಎಂದು ಟೈಪಿಸಿ. ಕಳೆದ ಸಾಲುಗಳು ಮರಳುವುದು ಪರದೆಗೆ ಮಾತ್ರ, ಡಿಸ್ಕಿಗೆ ಇನ್ನೂ ಇಳಿದಿರುವುದಿಲ್ಲ. ಒಮ್ಮೆ ಕಣ್ಣಾಡಿಸಿ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್ ಒತ್ತಿ, ಮತ್ತೆ ಕರೆಂಟು ಹೋಗುವ ಮೊದಲು.