ಕಂಪ್ಯೂಟರ್ ಎದುರಾಳಿಗೆ ಸ್ವಭಾವ ಬರುವುದು ಎಲ್ಲಿಂದ?

ತಂತ್ರಗಾರಿಕೆಯ ಆಟಗಳಲ್ಲಿ ಒಬ್ಬ ಕಂಪ್ಯೂಟರ್ ಎದುರಾಳಿ ಮುಂಗೋಪಿಯಂತೆಯೂ ಇನ್ನೊಬ್ಬ ಜಿಪುಣನಂತೆಯೂ ವರ್ತಿಸುವುದನ್ನು ಕಂಡವರು, ಇಬ್ಬರಿಗೂ ಬೇರೆ ಬೇರೆ ಪ್ರೋಗ್ರಾಂ ಬರೆದಿರಬೇಕೆಂದು ಊಹಿಸುತ್ತಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ನಿರ್ಧಾರ ಮಾಡುವ ಪ್ರೋಗ್ರಾಂ ಒಂದೇ. ನಡೆಗಳಿಗೆ ಅಂಕ ಕೊಡುವಾಗ ಅದು ಯಾವ ಅಂಶವನ್ನು ಎಷ್ಟರಿಂದ ಗುಣಿಸಬೇಕೆಂದು ಹೇಳುವ ಕೆಲವು ಸಂಖ್ಯೆಗಳಷ್ಟೇ ಬೇರೆ.

ಮಂಗಳೂರಿನಲ್ಲಿ ಕುಳಿತು ಆಟಗಳ ಪ್ರೋಗ್ರಾಂ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ನಮ್ಮ ಕಡೆಯ ಚೆನ್ನೆಮಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮಣೆಯ 14 ಗುಳಿಗಳಲ್ಲಿ ಒಬ್ಬರ ಪಾಲಿಗೆ 7. ಹಾಗಾಗಿ ಒಂದು ಸರದಿಯಲ್ಲಿ ತೂಗಿ ನೋಡಬೇಕಾದ ನಡೆಗಳು ಹೆಚ್ಚೆಂದರೆ 7. ಅವುಗಳಲ್ಲಿ ಒಂದರಿಂದ 6 ಕಾಯಿಗಳು ಸಿಗುತ್ತವೆ, ಆದರೆ ಮರುಸರದಿಯಲ್ಲಿ 5 ಕೈತಪ್ಪುವ ಅಪಾಯವಿದೆ; ಇನ್ನೊಂದರಿಂದ ಸಿಗುವುದು 2 ಮಾತ್ರ, ಅಪಾಯವೇನೂ ಇಲ್ಲ ಎಂದಿಟ್ಟುಕೊಳ್ಳೋಣ. ಲಾಭವನ್ನು 1.5ರಿಂದ, ನಷ್ಟವನ್ನು 0.5ರಿಂದ ಗುಣಿಸುವ ಆಸೆಬುರುಕನಿಗೆ ಮೊದಲ ನಡೆಯ ಅಂಕ 6.5, ಎರಡನೆಯದರದು 3. ಅವನು ಕಣ್ಣುಮುಚ್ಚಿ ಮೊದಲನೆಯದನ್ನೇ ಆಡುತ್ತಾನೆ. ಲಾಭಕ್ಕೆ 0.8, ನಷ್ಟಕ್ಕೆ 1.5 ಎಂದಿಟ್ಟರೆ ಮೊದಲನೆಯದು ಸೊನ್ನೆಗಿಂತ 2.7 ಕೆಳಗಿಳಿದು, ಎರಡನೆಯದು 1.6ರಲ್ಲಿ ಗೆಲ್ಲುತ್ತದೆ. ಇವನೇ ನಮ್ಮ ಪುಕ್ಕಲ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಇಮ್ಮಡಿಗೊಳಿಸಿದರೆ ಆಟ ಕಿಂಚಿತ್ತೂ ಬದಲಾಗದು, ಏಕೆಂದರೆ ಲೆಕ್ಕಕ್ಕೆ ಬರುವುದು ಅನುಪಾತ ಮಾತ್ರ. ಹೊಸದಾಗಿ ಕೆಲಸಕ್ಕೆ ಸೇರಿದವರು ಎಲ್ಲವನ್ನೂ ಏರಿಸಿ, "ಮೊದಲಿನ ಹಾಗೆಯೇ ಆಡ್ತದಲ್ಲ ಸರ್" ಎಂದು ಕೇಳುವುದುಂಟು.

ಐತಿಹಾಸಿಕ ನಾಯಕರು ಎದುರಾಳಿಗಳಾಗಿ ಬರುವ, 2010ರ 'ಸಿವಿಲೈಸೇಶನ್ 5' ಎಂಬ ಕಂಪ್ಯೂಟರ್ ಆಟದಲ್ಲಿ ಪ್ರತಿ ನಾಯಕನ ಒಲವುಗಳನ್ನು 10ರ ಮಾಪನದಲ್ಲಿ ನಮೂದಿಸಿ, ಒಬ್ಬನೇ ನಾಯಕ ಪ್ರತಿ ಸಲವೂ ಒಂದೇ ರೀತಿ ಆಡದಿರಲೆಂದು ಆ ಅಂಕಿಗಳನ್ನು ಆಟದಿಂದ ಆಟಕ್ಕೆ 2ರಷ್ಟು ಅತ್ತಿತ್ತ ಸರಿಸುತ್ತಾರೆ. ಅದರಲ್ಲಿ ಗಾಂಧೀಜಿಯ ಅಣ್ವಸ್ತ್ರದ ಒಲವು 12. 2 ಕಳೆದರೂ ಗರಿಷ್ಠ ಮಟ್ಟದಲ್ಲೇ ಉಳಿಯುತ್ತದೆ. ಇದು ತಯಾರಕರು ಬೇಕೆಂದೇ ಮಾಡಿದ ತಮಾಷೆ. 1991ರ ಮೊದಲ ಆವೃತ್ತಿಯಲ್ಲಿ ಗಾಂಧೀಜಿ ಯುದ್ಧಕೋರರಾದದ್ದು ಪ್ರೋಗ್ರಾಂ ದೋಷದಿಂದ ಎಂಬ ಜನಪ್ರಿಯ ಕಥೆಯನ್ನು ಅದರ ನಿರ್ಮಾತೃ ಸಿಡ್ ಮೇಯರ್ 2020ರಲ್ಲಿ ಅಲ್ಲಗಳೆದಿದ್ದಾರೆ.

ಸ್ವಭಾವವನ್ನೂ ಆಟದ ಕಷ್ಟವನ್ನೂ ಒಂದೇ ಎಂದು ತಿಳಿಯಬಾರದು. ನನ್ನ ಅನುಭವದಲ್ಲಿ ಅವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಚೆನ್ನೆಮಣೆಯಂತಹ ಆಟದಲ್ಲಿ ಎದುರಾಳಿಗೆ ಹೆಚ್ಚು ಸರದಿಗಳ ಮುಂದಾಲೋಚನೆ ಕೊಟ್ಟಷ್ಟೂ ಅವನಿಗೆ ಊಹೆಯ ಬದಲು ಸೋಲುಗೆಲುವೇ ಸ್ಪಷ್ಟವಾಗಿ ಕಾಣತೊಡಗುತ್ತದೆ. ಆಗ ಆಸೆಬುರುಕನೂ ಪುಕ್ಕಲನೂ ಒಂದೇ ನಡೆಯನ್ನು ಆರಿಸುತ್ತಾರೆ. ಆದ್ದರಿಂದ ಕಠಿಣ ಹಂತದಲ್ಲಿ ಮೊದಲು ಸ್ವಭಾವವನ್ನು ಬದಿಗಿಟ್ಟು ಎಲ್ಲ ನಡೆಗಳಿಗೂ ಅಂಕ ಕೊಡಿಸುತ್ತೇನೆ. ಅತ್ಯುತ್ತಮ ನಡೆಗೆ ತೀರ ಸಮೀಪವಿರುವ ಎರಡು ಮೂರು ನಡೆಗಳಿದ್ದರೆ, ಅವುಗಳೊಳಗಿನ ಆಯ್ಕೆಯನ್ನು ಮಾತ್ರ ಸ್ವಭಾವಕ್ಕೆ ಬಿಡುತ್ತೇನೆ.